ದತ್ತು ಮಗುವಿಗೆ ಕಾಯುವಾಗ ದೇವರಲ್ಲಿ ಏನು ಕೇಳುವುದು?

ಜಿಲ್ಲಾಧಿಕಾರಿಗಳ ದತ್ತು ಆದೇಶದ ದೃಢೀಕೃತ ಪ್ರತಿ ಈಗಷ್ಟೇ ಕೈ ಸೇರಿದೆ. ಮಗು ಮನೆಗೆ ಬಂದು ಕೆಲವು ತಿಂಗಳಾಗಿವೆ, ಕಾನೂನಿನ ಪ್ರಕಾರ ನಮ್ಮದಾದದ್ದು ಮಾತ್ರ ಈಗ. ಈ ದಾರಿ ಹಿಡಿಯಬೇಕೆಂದಿರುವವರು ನಮ್ಮನ್ನು ಕೇಳುವುದು ಎರಡೇ ಪ್ರಶ್ನೆ. ಏನೇನು ಕಾಗದ ಬೇಕು? ಇಷ್ಟು ವರ್ಷ ಹೇಗೆ ಕಾದಿರಿ? ಎರಡಕ್ಕೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ. ಕಾಗದ ಸರಿಯಿಲ್ಲದವರಿಗೆ ಪ್ರಾರ್ಥನೆಯಲ್ಲೂ ಮನಸ್ಸು ನಿಲ್ಲುವುದಿಲ್ಲ. ಬರೀ ಕಾಗದವನ್ನೇ ನಂಬಿದವರು ಎರಡನೇ ವರ್ಷದ ಹೊತ್ತಿಗೆ ಸೋತು ಕೂರುತ್ತಾರೆ.

ಅರ್ಜಿ ಹಾಕುವ ಮೊದಲೇ ಮನೆಯೊಳಗೆ ಮುಗಿಸಬೇಕಾದ ಕೆಲಸವೊಂದಿದೆ. ನಮ್ಮ ಕಡೆ ಮಕ್ಕಳಾಗದ ದಂಪತಿಗೆ ಸಲಹೆಗೇನೂ ಬರವಿಲ್ಲ. ಕುಕ್ಕೆಯಲ್ಲಿ ಆಶ್ಲೇಷಾ ಬಲಿ, ಊರಲ್ಲಿ ನಾಗಪ್ರತಿಷ್ಠೆ, ಮನೆಯಲ್ಲಿ ಸಂತಾನ ಗೋಪಾಲ ಮಂತ್ರದ ಜಪ, ಜೊತೆಗೆ ಐವಿಎಫ್ ಆಸ್ಪತ್ರೆಗಳ ಸುತ್ತಾಟ. ಇವುಗಳಲ್ಲಿ ಯಾವುದನ್ನೂ ಹೀಗಳೆಯುವ ಮನಸ್ಸು ನನಗಿಲ್ಲ, ನಂಬಿ ಮಾಡಿದ ಪೂಜೆ ವ್ಯರ್ಥವಾಗುವುದಿಲ್ಲ. ಆದರೆ ದತ್ತು ಎಂಬುದು ಇವೆಲ್ಲ ಕೈಕೊಟ್ಟ ಮೇಲೆ ಉಳಿದ ಕೊನೆಯ ದಾರಿ ಎಂಬ ಭಾವನೆ ಮನಸ್ಸಿನಲ್ಲಿರುವಷ್ಟು ದಿನ ಅರ್ಜಿ ಹಾಕಬೇಡಿ. 'ದತ್ತು ತಗೊಂಡರೆ ಹಿಂದೆಯೇ ಸ್ವಂತದ್ದೂ ಆಗುತ್ತೆ' ಎಂದು ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆ ಮಾತಿಗೆ ಅಲ್ಲಿಯೇ ಗೌರವದಿಂದ ತಡೆ ಹಾಕಿ. ಬರುವ ಮಗು ಇನ್ನೊಂದು ಮಗುವಿಗೆ ಶಕುನವಾಗಿ ಬರುವುದಲ್ಲ. ಚಿಕಿತ್ಸೆ ನಡೆಯುತ್ತಿದ್ದರೆ ಅದು ಒಂದು ನೆಲೆ ಮುಟ್ಟಲಿ, ಗಂಡ ಹೆಂಡತಿ ಇಬ್ಬರ ಮನಸ್ಸೂ ಒಂದಾಗಲಿ. ಗೃಹ ಅಧ್ಯಯನಕ್ಕೆ, ಅಂದರೆ ನಿಮ್ಮ ಮನೆ-ಮನಸ್ಸು ನೋಡಿ ವರದಿ ಬರೆಯಲು, ಬರುವ ಸಮಾಜ ಕಾರ್ಯಕರ್ತರು ಮೊದಲು ನೋಡುವುದೂ ಇದನ್ನೇ.

ಇನ್ನೊಂದು ಎಚ್ಚರಿಕೆಯನ್ನು ಈಗಲೇ ಹೇಳಬೇಕು. ಕಾಯುವವರ ಸಂಕಟ ವಾಸನೆ ಹಿಡಿದು ಬರುವ ಜನರಿದ್ದಾರೆ. 'ಒಂದು ನರ್ಸಿಂಗ್ ಹೋಂನಲ್ಲಿ ಮಗು ಇದೆ, ಇಷ್ಟು ಲಕ್ಷ ಕೊಟ್ಟರೆ ನಾಳೆಯೇ ನಿಮ್ಮ ಹೆಸರಿನಲ್ಲೇ ಜನನ ಪ್ರಮಾಣಪತ್ರ' ಎನ್ನುತ್ತಾರೆ. ದೇವರೇ ತೋರಿಸಿದ ದಾರಿ ಎಂದು ಆ ಹೊತ್ತಿಗೆ ಅನಿಸುವುದೂ ಉಂಟು. ಅದು ದೇವರ ದಾರಿಯಲ್ಲ, ಮಕ್ಕಳ ಮಾರಾಟ. ಬಾಲನ್ಯಾಯ ಕಾಯ್ದೆ 2015ರ 81ನೇ ಸೆಕ್ಷನ್ ಪ್ರಕಾರ ಮಾರಿದವರಿಗಷ್ಟೇ ಅಲ್ಲ, ಕೊಂಡವರಿಗೂ 5 ವರ್ಷದವರೆಗೆ ಕಠಿಣ ಜೈಲು ಮತ್ತು 1 ಲಕ್ಷ ರೂಪಾಯಿ ದಂಡ. ಅನಾಥ ಅಥವಾ ತೊರೆದ ಮಗುವನ್ನು ನಿಯಮ ಮೀರಿ ದತ್ತು ಪಡೆದರೆ 80ನೇ ಸೆಕ್ಷನ್ ಅಡಿ 3 ವರ್ಷದವರೆಗೆ ಜೈಲು, 1 ಲಕ್ಷ ದಂಡ, ಅಥವಾ ಎರಡೂ. ಹಲವು ವರ್ಷಗಳ ನಂತರವೂ ಪ್ರಕರಣ ಹೊರಬಂದು ಮಗುವನ್ನು ವಾಪಸ್ ಕರೆದೊಯ್ಯಬಹುದು. ಅನಾಥ, ತೊರೆದ ಅಥವಾ ಹೆತ್ತವರು ಒಪ್ಪಿಸಿಕೊಟ್ಟ ಮಗುವಿಗೆ ಇರುವ ನೇರ ದಾರಿ ಒಂದೇ, ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಎಲ್ಲರೂ 'ಕಾರಾ' ಎನ್ನುವ ಸಂಸ್ಥೆಯ ಜಾಲತಾಣದಲ್ಲಿ ನೋಂದಣಿ.

ನೋಂದಣಿ ಮತ್ತು ದಾಖಲೆ

ಮದುವೆಯಾಗಿ ಕನಿಷ್ಠ 2 ವರ್ಷ ಆಗಿರಬೇಕು. ಮಗುವಿಗೂ ಪೋಷಕರಲ್ಲಿ ಯಾರೊಬ್ಬರಿಗೂ ನಡುವೆ 25 ವರ್ಷಕ್ಕಿಂತ ಕಡಿಮೆ ಅಂತರ ಇರುವಂತಿಲ್ಲ. 2022ರ ದತ್ತು ನಿಯಮಾವಳಿಯಂತೆ 2 ವರ್ಷದೊಳಗಿನ ಮಗು ಬೇಕಾದರೆ ದಂಪತಿಯ ವಯಸ್ಸು ಕೂಡಿಸಿ 85 ಮೀರಬಾರದು. 2ರಿಂದ 4 ವರ್ಷದ ಮಗುವಿಗೆ ಈ ಮಿತಿ 90, 4ರಿಂದ 8ಕ್ಕೆ 100, 8ರಿಂದ 18ಕ್ಕೆ 110. ಒಂಟಿಯಾಗಿ ದತ್ತು ಪಡೆಯುವವರಿಗೆ ಇದೇ ಕ್ರಮದಲ್ಲಿ 40, 45, 50, 55. ಒಂಟಿ ಗಂಡಸಿಗೆ ಹೆಣ್ಣು ಮಗುವನ್ನು ಕೊಡುವುದಿಲ್ಲ. ಇಷ್ಟೇ ಸಂಬಳ ಇರಬೇಕು ಎಂಬ ನಿಯಮವಿಲ್ಲ, ಸ್ವಂತ ಮನೆಯೂ ಕಡ್ಡಾಯವಲ್ಲ. ಬಾಡಿಗೆ ಮನೆಯವರು ಇದೊಂದಕ್ಕೇ ಹೆದರಿ ವರ್ಷಗಟ್ಟಲೆ ಮುಂದೂಡುವುದನ್ನು ಕಂಡಿದ್ದೇವೆ.

ಬೇಕಾದ ದಾಖಲೆಗಳು ಹೆಚ್ಚೇನಿಲ್ಲ. ದಂಪತಿಯ ಇತ್ತೀಚಿನ ಫೋಟೊ, ಪ್ಯಾನ್ ಕಾರ್ಡ್, ಹುಟ್ಟಿದ ದಿನಾಂಕದ ಪುರಾವೆ, ವಿಳಾಸದ ಪುರಾವೆ, ಆದಾಯದ ಪುರಾವೆ, ವಿವಾಹ ನೋಂದಣಿ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರ. ವಿಚ್ಛೇದಿತರಾದರೆ ನ್ಯಾಯಾಲಯದ ಡಿಕ್ರಿ. ತೊಡಕೆಲ್ಲ ಇವುಗಳೊಳಗಿನ ಅಕ್ಷರಗಳಲ್ಲಿರುತ್ತದೆ. ನಮ್ಮ ರಾಜ್ಯದವರ ಇನಿಷಿಯಲ್ಲು ಒಂದು ಕಾರ್ಡಿನಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ, ಪ್ಯಾನ್‌ನಲ್ಲಿ ಅಪ್ಪನ ಹೆಸರಾಗಿ ಬಿಡಿಸಿ ಬರೆದಿರುತ್ತದೆ. ಹೆಂಡತಿಯ ಹೆಸರಿಗೆ ಆಧಾರ್‌ನಲ್ಲಿ ಗಂಡನ ಹೆಸರು ಸೇರಿದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್ಲೇ ಉಳಿದಿರುತ್ತದೆ. ನೋಂದಣಿಗೆ ಮೊದಲೇ ಆಧಾರ್, ಪ್ಯಾನ್, ವಿವಾಹ ಪ್ರಮಾಣಪತ್ರ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸವಿದ್ದರೆ ಆಗಲೇ ತಿದ್ದಿಸಿ. ಈಗ ಬಿಟ್ಟ ತಪ್ಪು ಕೊನೆಗೆ ಮಗುವಿನ ಜನನ ಪ್ರಮಾಣಪತ್ರದಲ್ಲಿ ನಿಮ್ಮ ಹೆಸರಾಗಿ ಬಂದು ಕೂರುತ್ತದೆ.

ಛತ್ರದಲ್ಲಿ ಮದುವೆ ಮಾಡಿಕೊಂಡು ನೋಂದಣಿಯನ್ನೇ ಮಾಡಿಸದವರು ಬಹಳ ಜನ. ಅಂಥವರು ಲಗ್ನಪತ್ರಿಕೆ, ಧಾರೆಯ ಫೋಟೊ, ಸಾಕ್ಷಿಗಳೊಂದಿಗೆ ಉಪನೋಂದಣಾಧಿಕಾರಿ ಕಚೇರಿಯ ಕೆಲಸವನ್ನು ಮೊದಲು ಮುಗಿಸಿಕೊಳ್ಳಿ. ವೈದ್ಯಕೀಯ ಪ್ರಮಾಣಪತ್ರದಲ್ಲಿ 'ಆರೋಗ್ಯವಾಗಿದ್ದಾರೆ' ಎಂಬ ಒಂದು ಸಾಲು ಸಾಲದು. ದೀರ್ಘಕಾಲದ, ಸಾಂಕ್ರಾಮಿಕ ಅಥವಾ ಮಾರಣಾಂತಿಕ ಕಾಯಿಲೆ ಇಲ್ಲ, ದತ್ತು ಪಡೆಯಲು ಸಮರ್ಥರು ಎಂಬ ಒಕ್ಕಣೆ ಇರಲಿ. ವೈದ್ಯರ ನೋಂದಣಿ ಸಂಖ್ಯೆ, ಮೊಹರು, ದಿನಾಂಕ ಮೂರೂ ಓದಲು ಬರುವಂತಿರಲಿ. ಗಂಡನಿಗೊಂದು, ಹೆಂಡತಿಗೊಂದು ಪ್ರತ್ಯೇಕವಾಗಿ ಮಾಡಿಸಿ. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಮುಚ್ಚಿಡಬೇಡಿ. ಹತೋಟಿಯಲ್ಲಿದೆ ಎಂದು ವೈದ್ಯರು ಬರೆದುಕೊಟ್ಟರೆ ಪರಿಶೀಲಿಸುವವರಿಗೂ ಅನುಕೂಲ.

ನಿಮ್ಮ ಸರದಿ ಶುರುವಾಗುವುದು ಮನಸ್ಸು ಮಾಡಿದ ದಿನದಿಂದಲ್ಲ. ದಾಖಲೆಗಳನ್ನೆಲ್ಲ ಏರಿಸಿ ನೋಂದಣಿ ಪೂರ್ಣಗೊಂಡ ದಿನಾಂಕವೇ ಜ್ಯೇಷ್ಠತೆಯ ದಿನಾಂಕ. ಒಳ್ಳೆಯ ಮುಹೂರ್ತಕ್ಕೆಂದು ಆಷಾಢ ಕಳೆಯಲಿ, ಶ್ರಾವಣ ಬರಲಿ ಎಂದು ತಡಮಾಡಿದರೆ ಆ ತಿಂಗಳಲ್ಲಿ ದೇಶದ ಉಳಿದವರೆಲ್ಲ ನಿಮ್ಮ ಮುಂದೆ ಹೋಗಿರುತ್ತಾರೆ. ದಾಖಲೆ ಸಿದ್ಧವಾದ ದಿನವೇ ಶುಭದಿನ ಎಂದುಕೊಂಡು ಒಂದು ದೀಪ ಹಚ್ಚಿ, ಅರ್ಜಿ ಸಲ್ಲಿಸಿ.

ಮಗುವಿನ ವಯಸ್ಸು, ಲಿಂಗ, ರಾಜ್ಯ, ಆರೋಗ್ಯ ಸ್ಥಿತಿ ಇವನ್ನು ಆಯ್ಕೆ ಮಾಡುವ ಪುಟವೂ ಬರುತ್ತದೆ. ಆಯ್ಕೆ ಕಿರಿದಾದಷ್ಟೂ ಕಾಯುವಿಕೆ ಉದ್ದ. ಎರಡು ವರ್ಷದೊಳಗಿನ, ಆರೋಗ್ಯವಂತ ಮಗುವಿಗೆ ಮೂರು ವರ್ಷಕ್ಕೂ ಹೆಚ್ಚು ಕಾಯುವುದು ಈಗ ಸಾಮಾನ್ಯ. ಐದಾರು ವರ್ಷದ ಮಗು, ಅಣ್ಣ-ತಂಗಿ ಜೋಡಿ, ವಿಶೇಷ ಅಗತ್ಯವಿರುವ ಮಗು ಇವರಿಗೆ ಕೇಳುವವರೇ ಕಡಿಮೆ. ಬೇಗ ಸಿಗುತ್ತದೆಂಬ ಒಂದೇ ಆಸೆಗೆ ಅಲ್ಲಿ ಟಿಕ್ ಮಾಡಬೇಡಿ. ಆ ಮಕ್ಕಳಿಗೆ ಬೇಕಾದ ತಯಾರಿಯೇ ಬೇರೆ. ಆದರೆ ನಿಮ್ಮಿಂದ ಆಗುತ್ತದೆಯೇ ಎಂದು ಇಬ್ಬರೂ ಕೂತು ಪ್ರಾಮಾಣಿಕವಾಗಿ ಒಮ್ಮೆ ಯೋಚಿಸದೆ ಆ ಪುಟವನ್ನು ದಾಟಲೂಬೇಡಿ.

ಗೃಹ ಅಧ್ಯಯನ

ದಾಖಲೆ ಸಲ್ಲಿಸಿದ 60 ದಿನಗಳೊಳಗೆ ಗೃಹ ಅಧ್ಯಯನ ವರದಿ ಆಗಬೇಕೆಂಬುದು ನಿಯಮ. ವಿಶೇಷ ದತ್ತು ಸಂಸ್ಥೆಯಿಂದ (ಮಕ್ಕಳನ್ನು ನೋಡಿಕೊಂಡು ದತ್ತು ಕೊಡಿಸುವ ಮಾನ್ಯತೆ ಪಡೆದ ಸಂಸ್ಥೆ) ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಸಮಾಜ ಕಾರ್ಯಕರ್ತರು ಬರುತ್ತಾರೆ. ಕರೆ ಬಾರದಿದ್ದರೆ ಮೂರನೇ ವಾರದಿಂದ ನೀವೇ ವಿನಯವಾಗಿ ನೆನಪಿಸಬಹುದು, ಅದರಲ್ಲಿ ತಪ್ಪೇನಿಲ್ಲ. ಮನೆಗೆ ಸುಣ್ಣ ಬಣ್ಣ ಬೇಡ, ತೊಟ್ಟಿಲು ತಂದಿಡುವುದೂ ಬೇಡ. ಅವರು ಕೇಳುವುದು ಇಂಥವು: ದತ್ತು ಏಕೆ, ಮಕ್ಕಳಾಗದ ನೋವನ್ನು ಹೇಗೆ ದಾಟಿದಿರಿ, ಇಬ್ಬರೂ ಕೆಲಸಕ್ಕೆ ಹೋದರೆ ಹಗಲು ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಸಾಲ ಎಷ್ಟಿದೆ, ಅತ್ತೆ-ಮಾವ ಒಪ್ಪಿದ್ದಾರೆಯೇ, ಮಗುವಿಗೆ ದತ್ತಿನ ವಿಷಯ ಯಾವಾಗ ಹೇಗೆ ಹೇಳುತ್ತೀರಿ, ನಿಮ್ಮಿಬ್ಬರಿಗೆ ಏನಾದರೂ ಆದರೆ ಮಗುವಿಗೆ ಯಾರು? ಕೊನೆಯ ಪ್ರಶ್ನೆಗೆ ಮೊದಲೇ ಒಬ್ಬರನ್ನು ಕೇಳಿ ಒಪ್ಪಿಸಿಟ್ಟಿರಿ.

ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಮಾತಾಡಿಸುತ್ತಾರೆ. ಅಜ್ಜಿಯಂದಿರ ಬಾಯಲ್ಲಿ ಬರುವ ಪ್ರಶ್ನೆ ನಕ್ಷತ್ರ, ಗೋತ್ರ, ಕುಲದ್ದು. ಮೊದಲೇ ತಿಳಿಹೇಳಿ: ತೊರೆದುಹೋದ ಮಕ್ಕಳ ಹುಟ್ಟಿದ ದಿನಾಂಕವನ್ನು ವೈದ್ಯರು ಅಂದಾಜಿನಲ್ಲಿ ನಿಗದಿ ಮಾಡಿರುತ್ತಾರೆ, ಆದ್ದರಿಂದ ನಿಖರ ಜಾತಕ ಬರೆಸಲು ಬರುವುದಿಲ್ಲ. ಜಾತಿಯ ದಾಖಲೆಯೂ ಬಹಳಷ್ಟು ಸಲ ಇರುವುದಿಲ್ಲ. ಶಾಸ್ತ್ರ ಬಿಡಲಾರದವರು ಇಟ್ಟ ಹೆಸರಿನ ಮೊದಲ ಅಕ್ಷರದಿಂದ ನಾಮನಕ್ಷತ್ರ ಹಿಡಿಯುತ್ತಾರೆ. ದೇವಕಿಯ ಮಗನನ್ನು ಯಶೋದೆಯ ಮಗನೆಂದೇ ನಾವೆಲ್ಲ ಅಷ್ಟಮಿಯಲ್ಲಿ ತೊಟ್ಟಿಲಲ್ಲಿಟ್ಟು ತೂಗುತ್ತೇವೆ. ಈ ಒಂದು ಮಾತಿಗೆ ಕರಗಿದ ಅಜ್ಜಿಯರು ಇದ್ದಾರೆ.

ವರದಿಗೆ 3 ವರ್ಷದ ಆಯುಸ್ಸು. ಸರದಿ ಅಷ್ಟರೊಳಗೆ ಬಾರದಿದ್ದರೆ ನವೀಕರಿಸಬೇಕು. ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದು, ಮೂರು ತಿಂಗಳ ಮೊದಲೇ ಘಟಕವನ್ನು ಸಂಪರ್ಕಿಸಿ. ವಯಸ್ಸಿನ ಮಿತಿಯ ಅಂಚಿನಲ್ಲಿರುವವರು ತಮಗೆ ಯಾವ ಗುಂಪು ಅನ್ವಯಿಸುತ್ತದೆ ಎಂದು ಆಗಲೇ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು. ಮನೆ ಬದಲಾಯಿಸಿದರೆ, ಕೆಲಸ ಬಿಟ್ಟರೆ, ಗರ್ಭ ನಿಂತರೆ ತಿಳಿಸಬೇಕು. ನೋಂದಾಯಿಸಿದ ಮೊಬೈಲ್ ಸಂಖ್ಯೆಯನ್ನಂತೂ ಯಾವ ಕಾರಣಕ್ಕೂ ಕೈಬಿಡಬೇಡಿ.

ಸರದಿಯ ವರ್ಷಗಳು

ಇನ್ನು ಮೇಲೆ ಮಾಡಲು ಕೆಲಸವಿಲ್ಲ. ಕಷ್ಟದ ಕಾಲ ಇದೇ.

ಮೊದಮೊದಲು ದಿನಕ್ಕೆ ನಾಲ್ಕು ಸಲ ಜಾಲತಾಣ ತೆರೆದು ಸಂಖ್ಯೆ ನೋಡುವ ಚಾಳಿ ಹತ್ತುತ್ತದೆ. ಒಂದು ವಾರ ಸಂಖ್ಯೆ ಇಳಿಯುತ್ತದೆ, ಆಮೇಲೆ ಎರಡು ತಿಂಗಳು ಕದಲುವುದಿಲ್ಲ. ಅದರ ಏರಿಳಿತದಲ್ಲಿ ದೇವರ ಸಂದೇಶ ಹುಡುಕಲು ಹೋಗಬೇಡಿ. ಸಂಖ್ಯೆ ಕದಲದಿರುವುದಕ್ಕೆ ಕಾರಣ ಸರಳವಾಗಿದೆ. ದೇಶದಲ್ಲಿ 30,000ಕ್ಕೂ ಹೆಚ್ಚು ಅರ್ಜಿದಾರರು ಕಾಯುತ್ತಿದ್ದಾರೆ. 2024-25ರಲ್ಲಿ ನಡೆದ ದತ್ತುಗಳು 4,515. ಹಲವು ವರ್ಷಗಳಲ್ಲೇ ಅತಿ ಹೆಚ್ಚು ಎನ್ನಿಸಿಕೊಂಡ ಸಂಖ್ಯೆ ಇದು. ನಿಮ್ಮ ಪುಣ್ಯ ಕಡಿಮೆಯಾಗಿ ತಡವಾಗುತ್ತಿಲ್ಲ, ಹರಕೆಯಲ್ಲಿ ಲೋಪವಾಗಿ ತಡವಾಗುತ್ತಿಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ಎರಡನೇ ವರ್ಷದ ಹೊತ್ತಿಗೆ ಯಾರಾದರೊಬ್ಬರು ಹೊಸ ದೋಷವೊಂದನ್ನು ಹುಡುಕಿಕೊಂಡು ಬಂದೇ ಬರುತ್ತಾರೆ. ಕಾಯುವ ಕಾಲದಲ್ಲಿ ಹೊಸ ಹರಕೆ ಹೊರಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. 'ಮಗು ಕೊಟ್ಟರೆ ತುಲಾಭಾರ' ಎಂದಾಗ ದೇವರಿಗೆ ನಾವೇ ಒಂದು ಗಡುವು ಹಾಕಿದಂತೆ. ಗಡುವು ಕಳೆದಾಗ ನಂಬಿಕೆಗೇ ಪೆಟ್ಟು ಬೀಳುತ್ತದೆ. ಹಳೆಯ ಹರಕೆ ಇದ್ದರೆ ಷರತ್ತು ಬಿಟ್ಟು ಈಗಲೇ ತೀರಿಸಿಬಿಡಿ. ಕೊಟ್ಟಾಗ ಕೊಡುವುದಕ್ಕೂ ಕೊಡುವ ಮೊದಲೇ ಕೊಡುವುದಕ್ಕೂ ಮನಸ್ಸಿನಲ್ಲಿ ಬಹಳ ವ್ಯತ್ಯಾಸವಿದೆ.

ಆದರೆ ನಿಜವಾದ ಪ್ರಶ್ನೆ ಇದಕ್ಕಿಂತ ಆಳದ್ದು. 'ದೇವರೇ, ಬೇಗ ಮಗು ಕೊಡು' ಎಂದು ಬೇಡುವಾಗ ನಾವು ಬೇಡುತ್ತಿರುವುದು ಏನನ್ನು?

ಮಗು ದತ್ತಿಗೆ ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ತಿಳಿದರೆ ಈ ಪ್ರಶ್ನೆಯ ಭಾರ ಗೊತ್ತಾಗುತ್ತದೆ. ಮಗುವನ್ನು ಒಪ್ಪಿಸುವ ತಾಯಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಾಳೆ. ಅದಾದ ಮೇಲೆ ಮನಸ್ಸು ಬದಲಾಯಿಸಲು ಕಾನೂನು ಅವಳಿಗೆ ಎರಡು ತಿಂಗಳು ಕೊಡುತ್ತದೆ. ಆ ಅವಧಿಯಲ್ಲಿ ಅವಳು ಬಂದು ಕೇಳಿದರೆ ಮಗು ಅವಳದ್ದೇ. ದೇವಸ್ಥಾನದ ಜಗುಲಿಯಲ್ಲೋ ಬಸ್ ನಿಲ್ದಾಣದಲ್ಲೋ ಆಸ್ಪತ್ರೆಯಲ್ಲೋ ಸಿಕ್ಕ ಮಗುವಾದರೆ ಹೆತ್ತವರನ್ನು ಹುಡುಕುವ ಕೆಲಸ ನಡೆಯುತ್ತದೆ. ಪತ್ರಿಕೆಯ ಒಳಪುಟದಲ್ಲಿ ಮಗುವಿನ ಚಿತ್ರದೊಂದಿಗೆ 'ಪೋಷಕರ ಪತ್ತೆಗೆ ಮನವಿ' ಎಂಬ ಪುಟ್ಟ ಪ್ರಕಟಣೆ ಬರುತ್ತದಲ್ಲ, ಅದು ಇದೇ. ಯಾರೂ ಬಾರದಿದ್ದರೆ, ಎರಡು ವರ್ಷದೊಳಗಿನ ಮಗುವಾದರೆ 2 ತಿಂಗಳಲ್ಲಿ, ದೊಡ್ಡ ಮಗುವಾದರೆ 4 ತಿಂಗಳಲ್ಲಿ, ದತ್ತಿಗೆ ಕಾನೂನುಬದ್ಧವಾಗಿ ಮುಕ್ತ ಎಂದು ಸಮಿತಿ ಘೋಷಿಸಬೇಕು. ಅಲ್ಲಿಯವರೆಗೆ ಆ ಮಗು ನಮ್ಮ ಸರದಿಯೊಳಗೆ ಬರುವುದೇ ಇಲ್ಲ.

ಅಂದರೆ ನಮ್ಮ ಸರದಿ ಬೇಗ ಸಾಗಲಿ ಎಂದು ಬೇಡುವುದು, ಇನ್ನಷ್ಟು ತಾಯಂದಿರು ಆ ಕಾಗದಕ್ಕೆ ಸಹಿ ಹಾಕಲಿ, ಹಾಕಿದವರು ಹಿಂದಿರುಗದಿರಲಿ ಎಂದು ಬೇಡಿದಂತೆಯೇ ಆಗುತ್ತದೆ. ಇದು ಅರ್ಥವಾದ ಮೇಲೆ ಹಳೆಯ ಪ್ರಾರ್ಥನೆ ಬಾಯಿಗೆ ಬರುವುದು ನಿಂತುಹೋಯಿತು. ನಮಗೆ ಕಾಯಿಸುತ್ತಿರುವ ಎರಡು ತಿಂಗಳು ಇನ್ನೊಬ್ಬಳಿಗೆ ದೇವರು ಕೊಟ್ಟ ಅವಕಾಶ. ಆಕೆ ಬಂದು ಮಗುವನ್ನು ಎತ್ತಿಕೊಂಡು ಹೋದರೆ ನಮ್ಮ ಸಂಖ್ಯೆ ಅಲ್ಲೇ ನಿಲ್ಲುತ್ತದೆ, ಆದರೆ ಒಂದು ಮಗುವಿಗೆ ಹೆತ್ತಮ್ಮ ಸಿಕ್ಕಿರುತ್ತಾಳೆ. ದೇವರು ನಮ್ಮ ಮಾತು ಕೇಳುತ್ತಿಲ್ಲ ಎಂದು ಅಂದುಕೊಂಡ ಎಷ್ಟೋ ದಿನ ಅವನು ಆ ತಾಯಿಯ ಮಾತು ಕೇಳುತ್ತಿದ್ದಿರಬಹುದು. ಇಬ್ಬರಿಗೂ ಅವನೇ ದೇವರು. ತಾಳ್ಮೆ ಬಂದದ್ದು ಇಲ್ಲಿಂದ. ಅದಕ್ಕೆ ಮೊದಲಿದ್ದದ್ದು ಹಲ್ಲು ಕಚ್ಚಿ ಸಹಿಸುವುದು ಮಾತ್ರ.

ಆಮೇಲೆ ಪ್ರಾರ್ಥನೆಯ ಕ್ರಮವೇ ಬೇರೆಯಾಯಿತು. ಅನುಕೂಲವೆನಿಸಿದರೆ ನೀವೂ ಹೀಗೆ ಮಾಡಿ ನೋಡಿ. ದಿನಕ್ಕೆ ಒಂದೇ ಹೊತ್ತು, ಸಂಜೆ ದೀಪ ಹಚ್ಚುವಾಗ, ಹತ್ತು ಹದಿನೈದು ನಿಮಿಷ, ಇಬ್ಬರೂ ಒಟ್ಟಿಗೆ. ಫೋನ್ ಬೇರೆ ಕೋಣೆಯಲ್ಲಿರಲಿ. ಮೊದಲು ಮಗುವಿಗಾಗಿ: ಎಲ್ಲೇ ಇರಲಿ, ಹುಟ್ಟಿರಲಿ ಹುಟ್ಟದಿರಲಿ, ಹೊಟ್ಟೆ ತುಂಬಿರಲಿ, ಅತ್ತಾಗ ಎತ್ತಿಕೊಳ್ಳುವ ಕೈ ಇರಲಿ. ಆಮೇಲೆ ಹೆತ್ತವಳಿಗಾಗಿ: ಅವಳಿಗೆ ಹೆದರಿಕೆ ಬೇಡ, ಸಾಕುವ ದಾರಿಯಿದ್ದರೆ ಆ ದಾರಿ ಕಾಣಿಸಲಿ. ಆಮೇಲೆ ಶಿಶುಗೃಹದ ಆಯಾಗಳಿಗಾಗಿ. ಕೊನೆಗೆ ನಮಗಾಗಿ ಒಂದೇ ಸಾಲು: ನಾಳೆಯ ಕೆಲಸ ಮಾಡುವ ಶಕ್ತಿ. ಯಾವ ದೇವರು, ಯಾವ ಸ್ತೋತ್ರ ಎಂಬುದು ನಿಮ್ಮ ಮನೆಯ ಸಂಪ್ರದಾಯ. ಚರ್ಚಿಗೆ ಹೋಗುವವರೂ ನಮಾಜು ಮಾಡುವವರೂ ಇದೇ ಸರದಿಯಲ್ಲಿದ್ದಾರೆ. ಜಾಲತಾಣ ನೋಡಲು ವಾರಕ್ಕೊಂದು ದಿನ ಗೊತ್ತು ಮಾಡಿ, ಅದನ್ನು ಪ್ರಾರ್ಥನೆಯಾದ ಮೇಲೆ ನೋಡಿ. ಮೊದಲು ನೋಡಿದರೆ ಪ್ರಾರ್ಥನೆಯೆಲ್ಲ ಆ ಸಂಖ್ಯೆಯ ಮೇಲೆಯೇ ನಡೆಯುತ್ತದೆ. ಮಗುವಿನ ಕುರಿತು ಸಂದೇಶ ಬಂದರೆ ಮೊಬೈಲಿಗೇ ಬರುತ್ತದೆ, ಇಣುಕುವ ಅಗತ್ಯವಿಲ್ಲ. ಆದರೆ ಮೆಸೇಜನ್ನೂ, ಮೇಲ್‌ನ ಸ್ಪ್ಯಾಮ್ ಕಡತವನ್ನೂ ದಿನಕ್ಕೊಮ್ಮೆ ನೋಡುವುದನ್ನು ತಪ್ಪಿಸಬೇಡಿ.

ಸಿಟ್ಟು ಬರುತ್ತದೆ. ಓರಗೆಯವರ ಸೀಮಂತ, ತೊಟ್ಟಿಲ ಶಾಸ್ತ್ರ, ಹೆಸರಿಡುವ ದಿನ ಒಂದರ ಹಿಂದೆ ಒಂದು ಬರುತ್ತವೆ. ಮಡಿಲು ತುಂಬುವಾಗ ಯಾರೋ ಹೆಂಡತಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಾರೆ. ಹೋಗಲಾಗದ ಶುಭಕಾರ್ಯಕ್ಕೆ ಉಡುಗೊರೆ ಕಳಿಸಿ ಮನೆಯಲ್ಲೇ ಇರಿ, ತಪ್ಪಿಲ್ಲ. ದೇವರ ಕೋಣೆಯಲ್ಲಿ ಕೂತು ಸಿಟ್ಟಿನ ಮಾತನ್ನೇ ಆಡಿದರೂ ತಪ್ಪಿಲ್ಲ. ಅವನಿಗೆ ಹೇಳದೆ ಇನ್ಯಾರಿಗೆ ಹೇಳುವುದು? ಆದರೆ ಇಬ್ಬರಲ್ಲಿ ಒಬ್ಬರು ಊಟ, ನಿದ್ದೆ, ಮಾತು ಬಿಟ್ಟು ವಾರಗಟ್ಟಲೆ ಹಾಗೇ ಇದ್ದರೆ ಅದು ಭಕ್ತಿಯ ಕೊರತೆಯಲ್ಲ. ಆಪ್ತಸಮಾಲೋಚಕರನ್ನು, ಅಗತ್ಯವಿದ್ದರೆ ಮನೋವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಈ ವರ್ಷಗಳನ್ನು ಬಳಸಿಕೊಳ್ಳಿ. ದತ್ತು ರಜೆಯ ನಿಯಮವನ್ನು ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಕೆಲವೆಡೆ ರಜೆ ಮಗುವಿನ ವಯಸ್ಸಿನ ಮೇಲೆ ನಿಂತಿರುತ್ತದೆ. ಒಬ್ಬ ಒಳ್ಳೆಯ ಮಕ್ಕಳ ವೈದ್ಯರನ್ನು ಗೊತ್ತುಮಾಡಿಟ್ಟುಕೊಳ್ಳಿ. ಆರೋಗ್ಯ ವಿಮೆಯಲ್ಲಿ ದತ್ತು ಮಗುವನ್ನು ಯಾವ ದಿನದಿಂದ ಸೇರಿಸುತ್ತಾರೆ, ಯಾವ ಕಾಗದ ಬೇಕು ಎಂದು ವಿಚಾರಿಸಿ. ದತ್ತು ಪಡೆದ ಬೇರೆ ಕುಟುಂಬಗಳ ಜೊತೆ ಮಾತಾಡಿ, ಅವರ ಮನೆಯ ಗದ್ದಲ ಕಂಡರೆ ಅರ್ಧ ಭಯ ಹೋಗುತ್ತದೆ.

48 ಗಂಟೆ

ಸಂದೇಶ ಬಂದ ಮೇಲೆ ಎಲ್ಲವೂ ಒಮ್ಮೆಲೇ ವೇಗ ಪಡೆಯುತ್ತದೆ. ಮಗುವಿನ ಫೋಟೊ, ಮಗುವಿನ ಅಧ್ಯಯನ ವರದಿ, ವೈದ್ಯಕೀಯ ಪರೀಕ್ಷಾ ವರದಿ ನಿಮ್ಮ ಖಾತೆಯಲ್ಲಿ ಕಾಣುತ್ತವೆ. 48 ಗಂಟೆಯೊಳಗೆ ಆ ಮಗುವನ್ನು ಕಾಯ್ದಿರಿಸಬೇಕು. ಕಾಯ್ದಿರಿಸುವುದು ಒಪ್ಪಿಗೆಯಲ್ಲ. ಆಮೇಲೆ ಸಂಸ್ಥೆಗೆ ಹೋಗಿ ಮಗುವನ್ನು ನೋಡಿ ನಿರ್ಧರಿಸಲು 30 ದಿನಗಳ ಅವಧಿ ಇರುತ್ತದೆ. ವರದಿಯನ್ನು ಇಳಿಸಿಕೊಂಡು ಮೊದಲೇ ಗೊತ್ತುಮಾಡಿದ ಮಕ್ಕಳ ವೈದ್ಯರಿಗೆ ತೋರಿಸಿ. ಕೇಳಬೇಕಾದವು: ಹುಟ್ಟಿದಾಗಿನ ತೂಕ, ಈಗಿನ ತೂಕ, ತಲೆಯ ಸುತ್ತಳತೆ ಮತ್ತು ಅದು ತಿಂಗಳಿಂದ ತಿಂಗಳಿಗೆ ಬೆಳೆದ ರೀತಿ, ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಪರೀಕ್ಷೆಯ ಫಲಿತಾಂಶ ಹಾಗೂ ಅವು ಯಾವ ವಯಸ್ಸಿನಲ್ಲಿ ಆದವು, ಥೈರಾಯ್ಡ್, ಶ್ರವಣ ಪರೀಕ್ಷೆ, ಲಸಿಕೆಗಳು. ಪುಟ್ಟ ಶಿಶುವಿನಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳಿಂದ ಎಚ್‌ಐವಿ ಆ್ಯಂಟಿಬಾಡಿ ಪರೀಕ್ಷೆ ಪಾಸಿಟಿವ್ ತೋರಿಸಬಹುದು, ಪಿಸಿಆರ್ ಪರೀಕ್ಷೆಯಿಂದಲೇ ಖಚಿತವಾಗಬೇಕು. ಕಡಿಮೆ ತೂಕ ಕಂಡು ಗಾಬರಿಯಾಗಬೇಡಿ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳು ಶಿಶುಗೃಹಗಳಲ್ಲಿ ಸಾಮಾನ್ಯ.

ಈ 48 ಗಂಟೆಯಲ್ಲಿ ನೆಂಟರನ್ನೆಲ್ಲ ಕೇಳುವುದು ಬೇಡ, ಫೋಟೊವನ್ನು ಯಾರಿಗೂ ಕಳಿಸುವುದೂ ಬೇಡ. ಮೈಬಣ್ಣ ನೋಡಿ 'ಬೇಡ' ಎನ್ನುವ ಮಾತು ಮನೆಯಿಂದ ಬಂದರೆ ಅದನ್ನು ಹೊಸ್ತಿಲಲ್ಲೇ ನಿಲ್ಲಿಸಿ. ಮೂರು ಸಲ ಬಂದ ಮಗುವನ್ನು ಮೂರು ಸಲವೂ ಒಪ್ಪದಿದ್ದರೆ ಒಂದು ವರ್ಷ ಸರದಿಯಿಂದ ಹೊರಗಿಡುತ್ತಾರೆ. ವೈದ್ಯಕೀಯ ಕಾರಣದಿಂದ ಬೇಡವೆನ್ನಬೇಕಾಗಿ ಬಂದರೆ ಆ ನೋವೂ ದೊಡ್ಡದೇ. ಆ ಮಗುವಿನ ಹೆಸರನ್ನು ಸಂಜೆಯ ಪ್ರಾರ್ಥನೆಯಲ್ಲಿ ಸೇರಿಸಿಕೊಳ್ಳಿ, ತನ್ನನ್ನು ನೋಡಿಕೊಳ್ಳಬಲ್ಲವರನ್ನು ಅದು ತಲುಪಲಿ ಎಂದು ಕೇಳಿ.

ಸಂಸ್ಥೆಗೆ ಹೋಗುವಾಗ ಮೂಲ ದಾಖಲೆಗಳು, ಸಹಿ ಮಾಡಿದ ಎರಡು ಮೂರು ಜೊತೆ ನಕಲು, ಪಾಸ್‌ಪೋರ್ಟ್ ಅಳತೆಯ ಫೋಟೊಗಳು ಜೊತೆಗಿರಲಿ. ದತ್ತು ಸಮಿತಿ ಮಾತಾಡಿಸುತ್ತದೆ, ಎರಡೂ ವರದಿಗಳ ಮೇಲೆ ಸಹಿ ಪಡೆಯುತ್ತದೆ. ಬಳಿಕ ದತ್ತುಪೂರ್ವ ಪೋಷಣೆಯ ಒಪ್ಪಂದದ ಮೇಲೆ ಮಗು ನಿಮ್ಮ ಜೊತೆ ಬರುತ್ತದೆ. ಆಯಾಳ ಬಳಿ ಕೂತು ಬರೆದುಕೊಳ್ಳಿ: ಯಾವ ಹಾಲಿನ ಪುಡಿ, ಎಷ್ಟು ಚಮಚ, ಎಷ್ಟು ಹೊತ್ತಿಗೊಮ್ಮೆ, ಮಲಗುವುದು ಹೇಗೆ, ಏನೆಂದು ಕರೆಯುತ್ತಾರೆ. ಮೊದಲ ಎರಡು ವಾರ ಅದೇ ಪುಡಿ, ಅದೇ ವೇಳೆ. ಹಾಸಿಗೆಯ ಒಂದು ಬಟ್ಟೆಯನ್ನು ತೊಳೆಯದೆ ಕೇಳಿ ತನ್ನಿ, ಪರಿಚಯದ ವಾಸನೆ ರಾತ್ರಿಯ ಅಳುವನ್ನು ತಗ್ಗಿಸುತ್ತದೆ. ಬೇರೆ ರಾಜ್ಯದ ಮಗುವಾದರೆ ಅದರ ಕಿವಿಗೆ ಬಿದ್ದ ಭಾಷೆಯ ನಾಲ್ಕು ಮಾತು, ಒಂದು ಜೋಗುಳ ಕಲಿತು ಬನ್ನಿ. ಮನೆಗೆ ಬಂದ ತಕ್ಷಣ ನೂರು ಜನರನ್ನು ಕರೆದು ಹೋಮ, ಊಟ ಇಟ್ಟುಕೊಳ್ಳಬೇಡಿ. ಒಂದು ತಿಂಗಳಾದರೂ ಕೆಲವೇ ಮುಖಗಳು ಸಾಕು. ಮಗು ಮೊದಲ ವಾರಗಳಲ್ಲಿ ಮುಖ ತಿರುಗಿಸಿದರೆ, ಎತ್ತಿಕೊಂಡರೆ ಸೆಟೆದುಕೊಂಡರೆ, ಅದು ನಿಮ್ಮನ್ನು ತಿರಸ್ಕರಿಸುತ್ತಿಲ್ಲ. ತನ್ನ ಲೋಕವನ್ನೆಲ್ಲ ಒಂದೇ ದಿನದಲ್ಲಿ ಬಿಟ್ಟುಬಂದಿದೆ. ಇಷ್ಟು ವರ್ಷ ಕಲಿತ ಕಾಯುವಿಕೆ ಇಲ್ಲಿ ಕೆಲಸಕ್ಕೆ ಬರುತ್ತದೆ.

ಆದೇಶ, ಖರ್ಚು, ಮುಂದಿನ ಎರಡು ವರ್ಷ

2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವವರು ಜಿಲ್ಲಾಧಿಕಾರಿಗಳು, ಮೊದಲು ಇದು ನ್ಯಾಯಾಲಯದ ಕೆಲಸವಾಗಿತ್ತು. ಅರ್ಜಿಯನ್ನು ಸಂಸ್ಥೆಯೇ ಹಾಕುತ್ತದೆ. ಸಂಸ್ಥೆ ಇರುವ ಜಿಲ್ಲೆಯಲ್ಲೇ ವಿಚಾರಣೆ, ಆದ್ದರಿಂದ ದೂರದ ಊರಾದರೆ ಮಗುವನ್ನು ಕರೆದುಕೊಂಡು ಮತ್ತೆ ಪ್ರಯಾಣ ಮಾಡಬೇಕಾಗುತ್ತದೆ. ವಿಚಾರಣೆ ಮುಚ್ಚಿದ ಕೋಣೆಯಲ್ಲಿ, ಎರಡು ತಿಂಗಳಲ್ಲಿ ಇತ್ಯರ್ಥವಾಗಬೇಕು. ಚುನಾವಣೆ, ವರ್ಗಾವಣೆ ಬಂದರೆ ತಡವಾಗುತ್ತದೆ. ಆದೇಶ ಬಂದಾಗ ಹೆಸರಿನ ಕಾಗುಣಿತ, ಮಗುವಿನ ಜನ್ಮ ದಿನಾಂಕ, ನಿಮ್ಮ ವಿಳಾಸವನ್ನು ಕಚೇರಿಯಲ್ಲೇ ನಿಂತು ಓದಿ. ಒಂದು ಅಕ್ಷರ ತಪ್ಪಿದ್ದರೂ ಆಗಲೇ ತಿದ್ದುಪಡಿ ಕೇಳಿ. ಜನನ ಪ್ರಮಾಣಪತ್ರ, ಆಧಾರ್, ವಿಮೆ, ಶಾಲೆ ಎಲ್ಲಕ್ಕೂ ಇದೇ ಬುಡ.

ಅಧಿಕೃತ ಶುಲ್ಕಗಳು ಇಷ್ಟೇ: ಗೃಹ ಅಧ್ಯಯನಕ್ಕೆ 6,000 ರೂಪಾಯಿ, ಸಂಸ್ಥೆಯ ಮಕ್ಕಳ ಪಾಲನಾ ನಿಧಿಗೆ 50,000, ನಂತರದ ಪ್ರತಿ ಭೇಟಿಗೆ 2,000. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ, ದೇಣಿಗೆ ಎಂದು ಕೇಳಿದರೂ ಅಷ್ಟೇ. ಪ್ರಯಾಣ, ವಸತಿ, ವೈದ್ಯರು, ನೋಟರಿ ಇವುಗಳ ಖರ್ಚು ಪ್ರತ್ಯೇಕ. ಬೇರೆ ರಾಜ್ಯದ ಮಗುವಾದರೆ ಅದೇ ಶುಲ್ಕವನ್ನು ಮೀರಿಸುತ್ತದೆ.

ಮಗು ಬಂದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ, ಒಟ್ಟು ನಾಲ್ಕು. ನಿದ್ದೆ, ಊಟ, ಹೊಂದಾಣಿಕೆಯಲ್ಲಿ ಏನೇ ತೊಂದರೆ ಇದ್ದರೂ ಅವರಿಗೆ ಹೇಳಿ, ಸಹಾಯ ಕೇಳುವುದಕ್ಕೆ ಇರುವ ವ್ಯವಸ್ಥೆಯೇ ಇದು. ಸಂಸ್ಥೆ ಕೊಟ್ಟ ವರದಿ, ಮೊದಲ ಫೋಟೊ, ಅಂದು ತೊಟ್ಟಿದ್ದ ಅಂಗಿ, ಪ್ರಯಾಣದ ಟಿಕೆಟ್ ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿಟ್ಟುಕೊಳ್ಳಿ. ದೊಡ್ಡದಾದ ಮೇಲೆ ತನ್ನ ಮೂಲವನ್ನು ಕೇಳುವ ಹಕ್ಕು ಮಗುವಿಗೆ ನಿಯಮದಲ್ಲೇ ಇದೆ. ಆ ದಿನ ತೋರಿಸಲು ಇವು ಬೇಕಾಗುತ್ತವೆ. ಸಂಜೆಯ ಪ್ರಾರ್ಥನೆಯಲ್ಲಿ ಹೆತ್ತವಳಿಗೆಂದು ಇಟ್ಟ ಸಾಲನ್ನು ನಾವು ಬಿಟ್ಟಿಲ್ಲ. ಮಾತು ಬರುವ ಮೊದಲಿನಿಂದಲೇ ಅದು ಮಗುವಿನ ಕಿವಿಗೆ ಬೀಳುತ್ತಿದ್ದರೆ, ದತ್ತಿನ ವಿಷಯವನ್ನು ಹೇಳಲು ಒಂದು ದಿನ ಗೊತ್ತುಮಾಡುವ ಪ್ರಮೇಯವೇ ಬರುವುದಿಲ್ಲ.